ಡಬ್ಬಿ ಕೊಟ್ಟು ಕೌದಿ ತರಲು ಹೋದದ್ದು

ಈಸೂರಿನ ದೇವರಾಜನ ಮನೆಯಲ್ಲಿ ಮೂರು ತಿಂಗಳಿಂದ ಬೆಕ್ಕಿಗೆ ಬಹಳ ಬೆಲೆ ಬಂದಿತ್ತು. ಹೂವಮ್ಮ ಗಂಡನಿಗೆ ಹೇಳಬೇಕಾದದ್ದನ್ನೆಲ್ಲ ಬೆಕ್ಕಿಗೆ ಹೇಳುತ್ತಿದ್ದಳು. "ಬೆಕ್ಕೇ, ಊಟಕ್ಕೆ ಬಡಿಸೀನಿ ಅಂತ ಹೇಳು." "ಬೆಕ್ಕೇ, ಗ್ಯಾಸ್ ಮುಗಿದೈತೆ, ಕಿವಿ ಇದ್ದೋರು ಕೇಳಿಸ್ಕಳ್ಳಿ." ದೇವರಾಜನೂ ಉತ್ತರವನ್ನು ಬೆಕ್ಕಿಗೇ ಸಲ್ಲಿಸುತ್ತಿದ್ದ. ಬೆಕ್ಕು ಎರಡೂ ಕಡೆಯ ವಕಾಲತ್ತು ವಹಿಸಿಕೊಂಡು, ಯಾರ ಪರವೂ ವಹಿಸದೆ, ಒಲೆಯ ಪಕ್ಕ ಮಲಗಿರುತ್ತಿತ್ತು. ಇಷ್ಟು ನಿಷ್ಪಕ್ಷಪಾತ ಯಾವ ಕಚೇರಿಯಲ್ಲೂ ಸಿಗುವುದಿಲ್ಲ.

ತಪ್ಪು ದೇವರಾಜನದೇ. ಮಗಳು ವಾಣಿಶ್ರೀಗೆ ಐದನೇ ತಿಂಗಳಲ್ಲಿ ಸೀಮಂತ ಎಂದು ಹೂವಮ್ಮ ಎರಡು ದಿನ ಮೊದಲೇ ಅವಳ ಗಂಡನ ಊರು ಉಡುತಡಿಗೆ ಹೋಗಿದ್ದಳು. ಆ ಹೊತ್ತಿಗೆ ಸರಿಯಾಗಿ ಓಣಿಗೆ ಬೈಕಿನವನು ಬಂದ. ಹಳೇ ಬಟ್ಟೆ ತಗೊಂಡು ಸ್ಟೀಲ್ ಪಾತ್ರೆ ಕೊಡುವವನು. ಅವನ ಬೈಕಿನ ಹಿಂದೆ ಒಂದು ಡಬ್ಬಿ ಹೊಳೆಯುತ್ತಿತ್ತು. ಹತ್ತು ಸೇರು ಹಿಡಿಯುವ ಡಬ್ಬಿ, ಮುಚ್ಚಳಕ್ಕೆ ಬೇರೆ ಹಿಡಿ. ದೇವರಾಜ ಮೂರು ಹಳೇ ಪ್ಯಾಂಟು ತಂದಿಟ್ಟ. ಬೈಕಿನವನು ಮೂಗು ಮುರಿದ. ಇನ್ನೆರಡು ಅಂಗಿ ತಂದಿಟ್ಟ. ಬೈಕಿನವನು ಗಾಡಿ ಸ್ಟಾರ್ಟ್ ಮಾಡಿದ. ಹೆಂಡತಿಗೆ ಒಂದು ಡಬ್ಬಿ ಕೊಡಿಸಲಾಗದ ಗಂಡಸು ಎಂಥ ಗಂಡಸು ಎಂಬ ಆವೇಶದಲ್ಲಿ ದೇವರಾಜ ಅಟ್ಟ ಹತ್ತಿ, ಟ್ರಂಕಿನ ತಳದಲ್ಲಿದ್ದ ಹಳೇ ಕೌದಿ ಎಳೆದು ತಂದ. ಬೈಕಿನವನು ಗಾಡಿ ಆರಿಸಿ ಡಬ್ಬಿ ಇಳಿಸಿದ.

ಹೂವಮ್ಮ ಬರುವ ದಿನ ದೇವರಾಜ ಆ ಡಬ್ಬಿಯನ್ನು ಬಾಗಿಲಿಗೆದುರಾಗಿ, ಬಿಸಿಲು ಬಿದ್ದು ಮಿಂಚುವಂತೆ ಇಟ್ಟು ಕಾದ. ಹೂವಮ್ಮ ಡಬ್ಬಿ ನೋಡಿದಳು, ಏನು ಕೊಟ್ಟಿರಿ ಅಂದಳು, ಅಟ್ಟ ಹತ್ತಿದಳು, ಇಳಿದು ಬಂದು ಗೋಡೆಗೊರಗಿ ಕೂತಳು. ಆ ಕೌದಿ ಅವಳು ಮದುವೆಯಾದ ಹೊಸತರಲ್ಲಿ ಹಳೇ ಬಟ್ಟೆಯ ಚೂರುಗಳನ್ನು ಕೂಡಿಸಿ ನಾಲ್ಕು ವರ್ಷ ಕೂತು ಹೊಲಿದದ್ದು. ಬೇಡವಾಗಿ ಟ್ರಂಕು ಸೇರಿದ್ದಲ್ಲ, ಮೊಮ್ಮಗುವಿನ ತೊಟ್ಟಿಲಿಗೆ ಹಾಸಲು ಎತ್ತಿಟ್ಟದ್ದು.

"ಅದ್ರಾಗೆ ಏನೇನಿತ್ತು ಅಂತ ನಿಮಗೆ ಗೊತ್ತೇನ್ರೀ?" ಎಂದು ಕೇಳಿದಳು. ದೇವರಾಜ ಬಾಯಿ ತೆರೆಯುವ ಮೊದಲೇ ಬೆಕ್ಕಿನ ಕಡೆ ತಿರುಗಿದಳು. ಆಮೇಲೆ ಈ ಕಡೆ ತಿರುಗಲಿಲ್ಲ.

ಹೀಗಿರುವಾಗ ಪಕ್ಕದ ಮನೆ ರಾಜೇಶ್ವರಮ್ಮ ಒಂದು ದಿನ ಫೋನ್ ಹಿಡಿದುಕೊಂಡು ಓಡಿ ಬಂದರು. ಅವರ ಮೊಮ್ಮಗಳು ಮೇಘನಾ ಕಾಲೇಜಿನವರ ಜೊತೆ ಬೆಂಗಳೂರಿನ ಚಿತ್ರಕಲಾ ಮ್ಯೂಸಿಯಂಗೆ ಹೋಗಿದ್ದಳು. ಫೋಟೋದಲ್ಲಿ ಮೇಘನಾ ಹಲ್ಲು ಬಿಟ್ಟು ನಿಂತಿದ್ದಾಳೆ. ಹಿಂದಿನ ಗೋಡೆಯ ಮೇಲೆ, ದೀಪದ ಬೆಳಕಿನಲ್ಲಿ, ಹೂವಮ್ಮನ ಕೌದಿ.

"ಅಯ್ಯೋ ಹೂವೀ, ನಿನ್ನ ಕೌದಿಗೆ ಏಸಿ ಹಾಕ್ಯಾರೆ ಕಣೇ!" ಎಂದರು ರಾಜೇಶ್ವರಮ್ಮ.

ಹೂವಮ್ಮ ಫೋಟೋವನ್ನು ಬಹಳ ಹೊತ್ತು ನೋಡಿದಳು. "ಬೆಕ್ಕೇ," ಎಂದಳು, "ನಮ್ಮ ಕೌದಿ ಬೆಂಗ್ಳೂರು ನೋಡ್ತು. ನಾನಿನ್ನೂ ನೋಡಿಲ್ಲ."

ಈ ಮಾತು ದೇವರಾಜನ ಎದೆಗೆ ನಾಟಿತು. ಮುಂದಿನ ವಾರ ಮಗಳನ್ನು ಬಾಣಂತನಕ್ಕೆ ಕರೆತರಬೇಕು. ಅಷ್ಟರಲ್ಲಿ ಕೌದಿ ಮನೆಗೆ ಬರಬೇಕು, ಹೆಂಡತಿಯ ಬಾಯಿಗೆ ಮಾತು ಬರಬೇಕು. ದಾರಿ ಅವನಿಗೆ ಸ್ಪಷ್ಟವಾಗಿ ಕಂಡಿತು. ಡಬ್ಬಿ ಕೊಟ್ಟು ಕೌದಿ ಒಯ್ದಿದ್ದಾರೆ. ಡಬ್ಬಿ ವಾಪಸ್ ಕೊಟ್ಟರೆ ಕೌದಿ ವಾಪಸ್ ಬರುತ್ತದೆ. ಇದರಲ್ಲಿ ಏನು ತಪ್ಪಿದೆ ಹೇಳಿ? ಹಾಲು ಕೊಡದ ಎಮ್ಮೆಯನ್ನು ಎಂಟನೇ ದಿನ ಮಾರಿದವನ ಕೊಟ್ಟಿಗೆಗೇ ಕಟ್ಟಿ ಬರುವವರು ಈ ಕಡೆಯ ಜನ.

ಜೊತೆಗೆ ಹೊರಟವನು ಹೊಸಬಾಳೆಯ ಆನಂದಪ್ಪ. ಅವನದು ಶಾಮಿಯಾನ ಬಾಡಿಗೆಯ ಕೆಲಸ. ದೇವರಾಜನದು ಲಗೇಜ್ ಆಟೋ. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನ ಮದುವೆಗಳಿಗೆ ಅವನ ಕಂಬ, ಇವನ ಗಾಡಿ ಒಟ್ಟಿಗೇ ಹೋಗಿ ಒಟ್ಟಿಗೇ ಬರುತ್ತಿದ್ದವು. ಆನಂದಪ್ಪ ಹಿಂದೊಮ್ಮೆ ಭಾವನ ಕಣ್ಣಿನ ಆಪರೇಷನ್ನಿಗೆ ಹೋಗಿ ಒಂಬತ್ತು ದಿನ ಬೆಂಗಳೂರಿನಲ್ಲಿದ್ದವನು. ಅಂದಿನಿಂದ ಆ ಊರಿನ ಬಗ್ಗೆ ಅವನ ಮಾತೇ ಕೊನೆ.

"ನೀ ಎಂತಕ್ಕೆ ಹೆದ್ರತಿ ಮಾರಾಯ? ಬೆಂಗ್ಳೂರು ನಂಗೆ ಬಿಡು," ಎಂದ.

ಬೆಳಿಗ್ಗೆ ಮೆಜೆಸ್ಟಿಕ್ಕಿನಲ್ಲಿ ಇಳಿದ ಮೇಲೆ ತಿಳಿಯಿತು, ಆನಂದಪ್ಪ ಬಲ್ಲ ಬೆಂಗಳೂರು ಎಂದರೆ ಆಸ್ಪತ್ರೆಯ ಕ್ಯಾಂಟೀನು ಮತ್ತು ಅದರೆದುರಿನ ಬಸ್ ಸ್ಟಾಪು. ಎಲ್ಲಿಗೆ ಹೋಗಬೇಕಾದರೂ ಮೊದಲು ಆ ಕ್ಯಾಂಟೀನಿಗೆ ಹೋಗಿ, ಅಲ್ಲಿಂದ ದಿಕ್ಕು ಹಿಡಿಯಬೇಕು. ಹಾಗೇ ಹೋದರು. ಇಡ್ಲಿಯನ್ನೂ ತಿಂದರು. ಮ್ಯೂಸಿಯಂ ಮೆಜೆಸ್ಟಿಕ್ಕಿನ ಕಡೆಗೇ ಇತ್ತೆಂದು ಕ್ಯಾಂಟೀನಿನವನು ಹೇಳಿದ ಮೇಲೆ ವಾಪಸ್ ಬಂದರು.

ಮ್ಯೂಸಿಯಂ ಬಾಗಿಲಲ್ಲಿ ಟಿಕೆಟ್ ತೆಗೆದುಕೊಂಡು ಒಳಗೆ ಕಾಲಿಡುವಷ್ಟರಲ್ಲಿ ಕಾವಲುಗಾರ ತಡೆದ. ಎದೆಯ ಮೇಲಿನ ಪಟ್ಟಿಯಲ್ಲಿ ನಾಗೇಶ ಎಂದಿತ್ತು. ಅವನ ಕಣ್ಣು ದೇವರಾಜನ ಕಂಕುಳಲ್ಲಿದ್ದ ಡಬ್ಬಿಯ ಮೇಲೆ ಬಿತ್ತು.

"ಏನ್ರೀ ಇದು, ಊಟನಾ?"

"ಅಲ್ಲ ಸಾರ್, ಖಾಲಿ ಐತೆ. ನಿಮ್ದೇ."

"ಏನೋ ಒಂದು. ಒಳಗೆ ಬಿಡಲ್ಲ, ಇಲ್ಲಿ ಕೊಡಿ." ನಾಗೇಶ ಡಬ್ಬಿ ಇಸಿದುಕೊಂಡು, ಹಿಂದಿನ ಕಪಾಟಿನಲ್ಲಿಟ್ಟು, ಹದಿನೇಳು ಎಂದು ಕೊರೆದ ಒಂದು ಹಿತ್ತಾಳೆ ಬಿಲ್ಲೆ ಕೊಟ್ಟ. "ಟೋಕನ್ನು. ಕಳೀಬೇಡಿ."

ದೇವರಾಜ ದಂಗಾದ. ತಾಲ್ಲೂಕು ಕಚೇರಿಯಲ್ಲಿ ಪಹಣಿಯಲ್ಲಿ ಒಂದು ಅಕ್ಷರ ತಿದ್ದಿಸಲು ಆರು ತಿಂಗಳು ಅಲೆದವನು ಅವನು. ಇಲ್ಲಿ ನೋಡಿದರೆ ಅರ್ಜಿಯಿಲ್ಲ, ಷರಾ ಇಲ್ಲ, ನಾಳೆ ಬಾ ಇಲ್ಲ.

"ಸಾರ್, ಒಂದ್ಸಾರಿ ನೋಡ್ಕಂಬಿಡಿ. ಎಲ್ಲೂ ತಗ್ಗಿಲ್ಲ. ಮುಚ್ಚಳ ಗಟ್ಟಿ ಕೂರ್ತದೆ. ನಾವು ಒಂದು ದಿನಾನೂ ಬಳಸಿಲ್ಲ," ಎಂದ.

"ಆಯ್ತು, ಹೋಗ್ರೀ ಒಳಗೆ."

"ನೋಡ್ದ್ಯಾ?" ಎಂದ ಆನಂದಪ್ಪ ಮೆಟ್ಟಿಲು ಹತ್ತುತ್ತ. "ಬೆಂಗ್ಳೂರು ಅಂದ್ರೆ ಹಿಂಗೆ. ಮಾತು ಕಡಿಮೆ, ಕೆಲಸ ಜಾಸ್ತಿ."

ಮೊದಲ ಮಹಡಿಯಲ್ಲಿ ರಾಜರ ಚಿತ್ರಗಳಿದ್ದವು. ಅವರ ಮೀಸೆಗಳನ್ನು ನೋಡಿ ಇಬ್ಬರೂ ತಲೆದೂಗಿದರು. ಮುಂದಿನ ಕೋಣೆಯಲ್ಲಿ ಗೋಡೆಯಗಲ ಒಂದೇ ಕೆಂಪು ಬಣ್ಣ ಬಳಿದ ಬಟ್ಟೆ ಇತ್ತು. ಅದರೆದುರು ಕನ್ನಡಕದ ಹುಡುಗನೊಬ್ಬ ಕಣ್ಣು ಮುಚ್ಚಿ ನಿಂತಿದ್ದ. ಆನಂದಪ್ಪ ಬಗ್ಗಿ ಅಂಚು ನೋಡಿದ.

"ಸೈಡ್ ಪರದೆ ಅಲ್ದನಾ? ಆದ್ರೆ ಮಳೆಗೆ ತಡೆಯಲ್ಲ ಇದು," ಎಂದು ಹುಡುಗನಿಗೆ ಉಚಿತವಾಗಿ ತಿಳಿಸಿದ. ಹುಡುಗ ಕಣ್ಣು ಬಿಟ್ಟು ಬೇರೆ ಕೋಣೆಗೆ ಹೋದ.

ಎರಡನೇ ಮಹಡಿಯ ಕೊನೆಯ ಕೋಣೆಯಲ್ಲಿ ಕೌದಿ ಇತ್ತು. ದೇವರಾಜ ಬಾಗಿಲಲ್ಲೇ ನಿಂತ. ಅಟ್ಟದ ಕತ್ತಲಲ್ಲಿ, ಚಳಿಯ ರಾತ್ರಿಗಳಲ್ಲಿ, ಮಗಳು ಉಚ್ಚೆ ಹೊಯ್ದ ಬೆಳಗುಗಳಲ್ಲಿ ಕಂಡಿದ್ದನೇ ಹೊರತು ಇಷ್ಟು ಬೆಳಕಿನಲ್ಲಿ ಅದನ್ನು ಅವನು ಎಂದೂ ನೋಡಿರಲಿಲ್ಲ. ಮೈಯೆಲ್ಲ ದಾರದ ಸಾಲು, ಜೋಳ ಬಿತ್ತಿದ ಹೊಲದ ಹಾಗೆ. ಹತ್ತಿರ ಹೋದ. ಹೋದವನು ಉರಿದು ಬಿದ್ದ.

"ಲೇ ಆನಂದ, ಇವ್ರಿಗೆ ಬುದ್ಧಿ ಐತೇನೋ? ತಲೆ ಕೆಳಗೆ ಮಾಡಿ ನೇತು ಹಾಕ್ಯಾರೆ!"

ನಿಜ. ಹೂವಮ್ಮ ತಲೆಯ ಕಡೆಗೆಂದು ಕೆಂಪು ಪಟ್ಟಿ ಹೊಲಿದಿದ್ದಳು, ಕಾಲ ಕಡೆಯದನ್ನು ಯಾರೂ ಮುಖಕ್ಕೆ ಎಳೆದುಕೊಳ್ಳಬಾರದೆಂದು. ಆ ಪಟ್ಟಿ ಈಗ ನೆಲದ ಕಡೆಗಿತ್ತು. ಇಪ್ಪತ್ತೈದು ವರ್ಷ ಮನೆಮಂದಿಯ ಕಾಲು ತಾಗಿದ ಅಂಚು ಮೇಲೆ ದೀಪ ಹಾಕಿಸಿಕೊಂಡು ಮೆರೆಯುತ್ತಿತ್ತು. ಪಕ್ಕದಲ್ಲಿ ಒಂದು ಚೀಟಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ದೇವರಾಜ ಬೆರಳಿಟ್ಟು ಓದಿದ: 'ಕೌದಿ. ಶಿವಮೊಗ್ಗ ಪ್ರದೇಶ. ಕಲಾವಿದೆ: ಅನಾಮಿಕ. ಮೂಲೆಯಲ್ಲಿ ಅಜ್ಞಾತ ಸಾವಯವ ಪದಾರ್ಥವನ್ನು ಸೇರಿಸಲಾಗಿದೆ. ಬಹುಶಃ ಮಾಂತ್ರಿಕ ಆಚರಣೆ.'

"ಅನಾಮಿಕ ಅಂದ್ರೆ?"

"ಹೆಸರು ಇಲ್ದೋಳು ಅಂತ," ಎಂದ ಆನಂದಪ್ಪ.

ಹೆಸರು ಇಲ್ಲದವಳಂತೆ! ಪಡಿತರ ಚೀಟಿಯಲ್ಲಿದೆ, ಮತದಾರರ ಪಟ್ಟಿಯಲ್ಲಿದೆ, ಹಾಲಿನ ಡೇರಿಯ ಪುಸ್ತಕದಲ್ಲಿದೆ. ಈಸೂರಿನ ಓಣಿಯಲ್ಲಿ ನಿಂತು ಕೂಗಿದರೆ ಓ ಅನ್ನುತ್ತಾಳೆ. ಹೆಸರು ಕೇಳುವ ಕಷ್ಟ ತೆಗೆದುಕೊಳ್ಳದವರೆಲ್ಲ ಸೇರಿ ಅವಳಿಗೆ ಹೆಸರೇ ಇಲ್ಲ ಎಂದು ಚಂದದ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದರು.

"ಬಿಚ್ಚೋ ಆನಂದ," ಎಂದ ದೇವರಾಜ. "ಟೋಕನ್ ಐತೆ."

ಆನಂದಪ್ಪ ಆಗಲೇ ತಲೆಯೆತ್ತಿ ಕಟ್ಟು ಪರೀಕ್ಷಿಸುತ್ತಿದ್ದ. ಎರಡು ಗೂಟ, ಒಂದು ಸರಳು. ನೂರು ಮದುವೆಯ ಚಪ್ಪರ ಬಿಚ್ಚಿದ ಕೈಗೆ ಅದೊಂದು ಕೆಲಸವೇ? ಕೋಣೆಯ ಮೂಲೆಯಲ್ಲಿದ್ದ ಸ್ಟೂಲು ಎಳೆದ, ಹತ್ತಿದ, ಎತ್ತಿದ. ಕೌದಿ ದೇವರಾಜನ ತೋಳಿಗೆ ಬಿತ್ತು. ಅದೇ ಹೊತ್ತಿಗೆ ಗೋಡೆಯಲ್ಲಿ ಏನೋ ಕೀ ಕೀ ಎಂದು ಕಿರುಚತೊಡಗಿತು. "ಗಂಟೆ ಹೊಡೀತು ನೋಡು," ಎಂದ ಆನಂದಪ್ಪ, "ವ್ಯವಹಾರ ಪಕ್ಕಾ ಆತು ಅಂತ." ಇಬ್ಬರೂ ಎದುರುಬದುರು ನಿಂತು ಶಾಮಿಯಾನ ಮಡಚುವ ಕ್ರಮದಲ್ಲಿ ನಾಲ್ಕು ಮಡಿಕೆ ಮಾಡಿದರು. ದೇವರಾಜ ಅದನ್ನು ಹೆಗಲಿಗೇರಿಸಿ, ಟೋಕನ್ನನ್ನು ಎತ್ತಿ ಹಿಡಿದು, ಎದುರು ಬಂದವರಿಗೆಲ್ಲ ತೋರಿಸುತ್ತ ನಡೆದ.

ಎದುರು ಬಂದವರು ಓಡಿದರು. ಒಬ್ಬ ಹೆಂಗಸು ಚೀರಿದಳು. ಮೆಟ್ಟಿಲ ಬುಡದಲ್ಲಿ ನಾಗೇಶ ಮತ್ತು ಇನ್ನು ನಾಲ್ವರು ಕಾವಲುಗಾರರು ಕೈ ಚಾಚಿ ನಿಂತಿದ್ದರು.

"ಕೌದಿ ಕೆಳಗಿಡ್ರೀ!"

"ನೆಲಕ್ಕೆ ಇಡಲ್ಲ ಸಾರ್, ತೊಟ್ಟಿಲಿಗೆ ಹಾಸೋದು ಇದು. ನೀವೇ ಅಲ್ವಾ ಡಬ್ಬಿ ತಗಂಡು ಹದಿನೇಳು ನಂಬರ್ ಕೊಟ್ಟೋರು? ಈಗ ಮಾತು ತಿರುಗಿಸ್ತೀರಾ?"

"ಅದು ಸಾಮಾನು ಇಡೋ ಟೋಕನ್ನು ಕಣ್ರೀ!"

"ಹೌದು ಮತ್ತೆ! ಸಾಮಾನು ಇಟ್ಟೆ, ಸಾಮಾನು ತಗಂಡೆ!"

ಈ ತರ್ಕ ಕೇಳಿ ನಾಗೇಶ ಪೊಲೀಸರನ್ನು ಕರೆಯಲು ಹೊರಟ. ಪೊಲೀಸು ಎಂಬ ಮಾತು ಕಿವಿಗೆ ಬಿದ್ದದ್ದೇ ಬೆಂಗಳೂರು ಬಲ್ಲ ಆನಂದಪ್ಪ ಕಂಬದ ಮರೆಗೆ ಹೋಗಿ ಫೋನ್ ಒತ್ತಿದ. "ಹೂವಕ್ಕಾ, ನಾ ಆನಂದ. ಎಂತ ಹೇಳದು ಮಾರಾಯ್ತಿ, ನಿನ್ನ ಗಂಡನ್ನ ಹಿಡ್ಕಂಡ್ರು..." ಅಷ್ಟರಲ್ಲಿ "ಫೋನ್ ಒಳಗಿಡಿ!" ಎಂದು ಹೆಣ್ಣು ದನಿಯೊಂದು ಗದರಿತು. ಆನಂದಪ್ಪ ಫೋನನ್ನು ಹಾಗೇ ಅಂಗಿಯ ಜೇಬಿಗೆ ಇಳಿಬಿಟ್ಟ.

ಗದರಿದವರು ಮ್ಯೂಸಿಯಂನ ಮೇಲಧಿಕಾರಿ ಗಂಗಾಶ್ರೀ. ತಲೆಯ ಮೇಲೊಂದು ಕನ್ನಡಕ, ಕೊರಳಲ್ಲೊಂದು ಕನ್ನಡಕ, ಕೈಗೆ ಬಿಳಿ ಗ್ಲೌಸು. ಅವರು ದೇವರಾಜನನ್ನು ನೋಡಲಿಲ್ಲ, ಅವನ ಹೆಗಲು ನೋಡಿದರು.

"ಬರಿಗೈಯಲ್ಲಿ ಮುಟ್ಟಿದ್ದೀರಾ!"

"ಮೇಡಂ, ಇಪ್ಪತ್ತೈದು ವರ್ಷ ಇದನ್ನ ಹೊದ್ಕಂಡು ಮಲಗಿದೋನು ನಾನು. ನಮ್ಮನೆ ನಾಯಿ ಇದ್ರ ಮ್ಯಾಲೆ ಆರು ಮರಿ ಹಾಕೈತೆ."

ಗಂಗಾಶ್ರೀಯವರು ಗ್ಲೌಸಿನ ಕೈಯನ್ನು ಮೆಲ್ಲಗೆ ಹಿಂದೆ ತೆಗೆದುಕೊಂಡರು. "ನೋಡಿ, ಯಾರು ಬೇಕಾದ್ರೂ ಬಂದು ಇದು ನನ್ನದು ಅನ್ನಬಹುದು. ನಿಮ್ಮದು ಅನ್ನೋಕೆ ಏನು ದಾಖಲೆ ಇದೆ?"

ದೇವರಾಜ ಜೇಬು ತಡಕಿದ. ಆಧಾರ್ ಕಾರ್ಡು, ಡ್ರೈವಿಂಗ್ ಲೈಸೆನ್ಸು, ಬಸ್ ಟಿಕೆಟು. ಯಾವುದರಲ್ಲೂ ಕೌದಿಯ ಪ್ರಸ್ತಾಪವಿರಲಿಲ್ಲ. ಸುತ್ತ ಜನ ಸೇರಿದ್ದರು. ಕೆಂಪು ಬಟ್ಟೆಯೆದುರು ಕಣ್ಣು ಮುಚ್ಚಿದ್ದ ಹುಡುಗನೂ ಬಂದು ಈಗ ಕಣ್ಣು ಬಿಟ್ಟು ನಿಂತಿದ್ದ. ಅದ್ರಾಗೆ ಏನೇನಿತ್ತು ಅಂತ ನಿಮಗೆ ಗೊತ್ತೇನ್ರೀ? ಮೂರು ತಿಂಗಳ ಹಿಂದಿನ ಆ ಪ್ರಶ್ನೆ ಈಗ ಅವನೆದುರು ಬಿಳಿ ಗ್ಲೌಸು ಹಾಕಿಕೊಂಡು ನಿಂತಿತ್ತು.

ದೇವರಾಜ ಆನಂದಪ್ಪನನ್ನು ಕರೆದು ಕೌದಿಯ ಒಂದು ತುದಿ ಹಿಡಿಸಿದ. ಬಿಡಿಸಿದ.

"ಈ ಕೆಂಪು ಪಟ್ಟಿ ಐತಲ್ಲ ಮೇಡಂ, ಇದು ನಮ್ಮತ್ತೆ ಸೀರೆ ಸೆರಗು. ಅವ್ರು ತೀರಿಕಂಡ ವರ್ಷ ನನ್ನ ಹೆಂಡ್ತಿ ಇಷ್ಟೇ ಹರ್ಕಂಡು ಬಂದಿದ್ಳು. ತಲೆ ಕಡೆಗೆ ಇರ್ಲಿ, ಅವ್ವನ ಮಡಿಲಾಗೆ ಮಲಗಿದಂಗೆ ಆಗ್ತದೆ ಅಂದಿದ್ಳು. ಈ ಖಾಕಿ ನಂದು, ಲಾರಿ ಕ್ಲೀನರ್ ಆಗಿದ್ದಾಗ ಹಾಕ್ತಿದ್ದ ಪ್ಯಾಂಟು. ಮಂಡಿ ಹತ್ರ ಆಯಿಲ್ ಕಲೆ ನೋಡ್ರಿ, ಹೋಗೇ ಇಲ್ಲ. ಈ ಹಳದಿ ಚುನಾವಣೆ ಬ್ಯಾನರ್ದು. ಗೆದ್ದೋರು ಆಮ್ಯಾಲೆ ಬರ್ಲಿಲ್ಲ, ಬಟ್ಟೆ ಉಳೀತು. ಹಸಿರು ಚುಕ್ಕಿದು ನಮ್ಮ ವಾಣೀದು, ಮೊದಲ್ನೇ ಲಂಗ. ಅದನ್ನ ಹಾಕ್ಕಂಡೇ ಮೊದಲ್ನೇ ಹೆಜ್ಜೆ ಇಟ್ಟಿದ್ದು."

ಹಸಿರು ಚುಕ್ಕಿಯ ಮೇಲೆ ಒಮ್ಮೆ ಕೈಯಾಡಿಸಿ, ಅಂಚಿನ ನೆರಿಗೆ ಪಟ್ಟಿಗೆ ಬಂದ. "ಈ ಝಾಲರು..."

"ಲೇ!" ಎಂದ ಆನಂದಪ್ಪ, ಹಿಡಿದ ತುದಿಯನ್ನು ಮೂಗಿನ ಹತ್ತಿರ ತಂದು. "ಇದು ನನ್ನ ಶಾಮಿಯಾನದ ಝಾಲರು ಅಲ್ದನೋ! ಶಿರಾಳಕೊಪ್ಪದ ಮದುವೇಲಿ ಇಲಿ ಕಡೀತು ಅಂದಿದ್ದೆ ನೀನು!"

"ಇಲೀನೇ ಕಡೀತು. ಕಡಿದಿದ್ದನ್ನ ನಾನು ತಂದೆ," ಎಂದ ದೇವರಾಜ. ಜನ ನಕ್ಕರು. ನಾಗೇಶನೂ ನಕ್ಕ, ಕೂಡಲೇ ಕಾವಲುಗಾರನ ಮುಖ ಮಾಡಿಕೊಂಡ.

"ಆಮ್ಯಾಲೆ ನೀವು ಮಾಂತ್ರಿಕ ಅಂತ ಬರ್ದೀರಲ್ಲ, ಈ ಮೂಲೆ. ಇದ್ರಾಗೆ ಇರೋದು ರೊಟ್ಟಿ ಚೂರು ಮೇಡಂ."

"ರೊಟ್ಟಿ?"

"ಜೋಳದ ರೊಟ್ಟಿ. ಕೊನೇ ಹೊಲಿಗೆ ಹಾಕೋಕೆ ಮೊದ್ಲು ಕೌದಿ ಹೊಟ್ಟೆಗೆ ಒಂದು ಚೂರು ಇಡಬೇಕು. ಮಂದಿನ್ನೆಲ್ಲ ಬೆಚ್ಚಗಿಡೋದು ತಾನೇ ಹಸ್ಕಂಡು ಇರಬಾರ್ದು ಅಂತ. ಆವತ್ತು ಮನ್ಯಾಗೆ ಉಳಿದಿದ್ದು ಒಂದೇ ರೊಟ್ಟಿ. ಅವ್ಳು ತನ್ನ ಪಾಲಿಂದು ಮುರಿದು ಇಟ್ಳು."

ಗಂಗಾಶ್ರೀಯವರು ತಲೆಯ ಮೇಲಿನ ಕನ್ನಡಕ ಇಳಿಸಿ ಮೂಲೆಯನ್ನು ನೋಡಿದರು. ಆ ರೊಟ್ಟಿ ಚೂರಿನ ಬಗ್ಗೆ ಅವರ ಕಚೇರಿಯಲ್ಲಿ ಎರಡು ಸಭೆ ನಡೆದಿದ್ದವು.

"ಈ ನೀಲಿ ಚೌಕಳಿದು ನಂದು," ಎಂದು ದೇವರಾಜ ಹುಮ್ಮಸ್ಸಿನಲ್ಲಿ ಮುಗಿಸಿದ. "ಮದುವೇಲಿ ಹಾಕಿದ್ದ ಅಂಗಿ."

"ಅದು ನಿಮ್ಮ ಅಂಗಿ ಅಲ್ಲರೀ. ನಮ್ಮಣ್ಣಂದು."

ಎಲ್ಲರೂ ಆನಂದಪ್ಪನ ಎದೆಯನ್ನು ನೋಡಿದರು. ಆನಂದಪ್ಪನೂ ತನ್ನ ಎದೆಯನ್ನು ನೋಡಿಕೊಂಡ. ಜೇಬಿನೊಳಗೆ ಫೋನ್ ಇನ್ನೂ ಬೆಳಗುತ್ತಿತ್ತು, ಸ್ಪೀಕರೂ ಆನ್ ಆಗಿತ್ತು. ಈಸೂರಿನಲ್ಲಿ ಹೂವಮ್ಮ ಕೆಂಪು ಪಟ್ಟಿಯಿಂದ ರೊಟ್ಟಿ ಚೂರಿನವರೆಗೆ ಒಂದಕ್ಷರ ಬಿಡದೆ ಕೇಳಿಸಿಕೊಂಡಿದ್ದಳು.

ದೇವರಾಜ ಜೇಬಿನ ಹತ್ತಿರ ಬಗ್ಗಿದ. "ಹೂವೀ... ನಂಜೊತೆ ಮಾತಾಡಿದ್ಯಾ?"

"ಮತ್ತೆ? ಬೆಕ್ಕು ಬೆಂಗ್ಳೂರಿಗೆ ಬಂದೈತಾ?"

ದೇವರಾಜ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. ಬೆವರು ಎಂದು ಯಾರೂ ನಂಬಲಿಲ್ಲ, ಅಲ್ಲಿ ಏಸಿ ಇತ್ತು.

ಗಂಗಾಶ್ರೀಯವರು ಫೋನ್ ತೆಗೆದುಕೊಂಡರು. ಕೌದಿ ಕೈಯಿಂದ ಕೈಗೆ ಬಂದು ತಮ್ಮಲ್ಲಿಗೆ ತಲುಪಿದ್ದನ್ನು ಹೇಳಿದರು. "ಅಮ್ಮಾ, ನಿಮಗೆ ವಾಪಸ್ ಬೇಕು ಅಂದ್ರೆ ನಾನೇ ಬರೆದು ಸಮಿತಿಗೆ ಕಳಿಸ್ತೀನಿ. ಇದು ನಿಮ್ಮದು ಅಂತ ನನಗೆ ಅನುಮಾನ ಉಳಿದಿಲ್ಲ. ಏನು ಮಾಡ್ಲಿ ಹೇಳಿ."

ದೇವರಾಜ ಕೌದಿಯ ತುದಿ ಹಿಡಿದುಕೊಂಡೇ ಫೋನಿನ ಕಡೆ ಕಿವಿ ಚಾಚಿದ.

"ದಿನಕ್ಕೆ ಎಷ್ಟು ಮಂದಿ ನೋಡ್ತಾರವ್ವಾ ಅದನ್ನ?"

"ಇನ್ನೂರು, ಮುನ್ನೂರು ಜನ ಬರ್ತಾರಮ್ಮ."

"ನಮ್ಮನ್ಯಾಗೆ ಇಪ್ಪತ್ತೈದು ವರ್ಷ ಇತ್ತು. ಒಬ್ರೂ ನಿಂತು ನೋಡಿಲ್ಲ ಅಂದ್ಕಂಡಿದ್ದೆ. ಒಬ್ರು ನೋಡಿದ್ರು ಅಂತ ಇವತ್ತು ಗೊತ್ತಾತು." ಎಂದಳು ಹೂವಮ್ಮ. "ಅಲ್ಲೇ ಇರ್ಲಿ ಬಿಡ್ರಿ. ಮಗೂಗೆ ಹೊಸದು ಹೊಲೀತೀನಿ. ಆದ್ರೆ ನನ್ನ ಹೆಸರು ಬರೀರಿ. ಮತ್ತೆ ತಲೆ ಮ್ಯಾಲೆ ಮಾಡ್ರಿ. ಇಷ್ಟೆಲ್ಲಾ ಓದೀರಿ, ತಲೆ ಯಾವುದು ಕಾಲು ಯಾವುದು ಗೊತ್ತಾಗಲ್ವೇನವ್ವಾ?"

ಗಂಗಾಶ್ರೀಯವರು "ತಪ್ಪಾಯ್ತಮ್ಮ" ಎಂದರು. ಆ ಮಾತನ್ನು ಅವರ ಬಾಯಿಂದ ಹಿಂದೆಂದೂ ಕೇಳಿರದ ನಾಗೇಶ ಬೆಚ್ಚಿ ಟೋಪಿ ಸರಿ ಮಾಡಿಕೊಂಡ.

ಮುಂದಿನದೆಲ್ಲ ಮದುವೆಮನೆಯ ಕೆಲಸದಂತೆ ನಡೆಯಿತು. ಸ್ಟೂಲಿನ ಮೇಲೆ ಆನಂದಪ್ಪ, ಕೆಳಗೆ ಸ್ಟೂಲು ಹಿಡಿದು ನಾಗೇಶ. "ಎಡಕ್ಕೆ ಒಂಚೂರು ಎತ್ತು ಮಾರಾಯ, ಅದು ಕೌದಿ, ನೀನು ಲಾಠಿ ಹಿಡ್ದಂಗೆ ಹಿಡೀಬೇಡ." ಕೆಂಪು ಪಟ್ಟಿ ಮೇಲಕ್ಕೆ ಬಂತು. ಹೊಸ ಚೀಟಿ ಅಚ್ಚಾಗಲು ಹದಿನೈದು ದಿನ ಬೇಕಿತ್ತು. ಅಲ್ಲಿಯವರೆಗೆ ಇರಲೆಂದು ಗಂಗಾಶ್ರೀಯವರು ಒಂದು ಬಿಳಿ ಕಾರ್ಡು, ಪೆನ್ನು ಕೊಟ್ಟರು. ದೇವರಾಜ ಗೋಡೆಗೆ ಕಾರ್ಡು ಒತ್ತಿ ಹಿಡಿದು, ನಾಲಿಗೆ ಹೊರಚಾಚಿ, ಶಾಲೆ ಬಿಟ್ಟ ಮೇಲೆ ಎಂದೂ ಬರೆಯದಷ್ಟು ಎಚ್ಚರದಿಂದ ಬರೆದ: ಹೂವಮ್ಮ, ಈಸೂರು. ಅಕ್ಷರ ಸೊಟ್ಟಗಿತ್ತು. ಅನಾಮಿಕ ಎಂಬ ಅಚ್ಚಿಗಿಂತ ಚೆನ್ನಾಗಿತ್ತು.

ಮರುದಿನ ಬೆಳಿಗ್ಗೆ ಈಸೂರಿನ ಬಾಗಿಲಲ್ಲಿ ಹೂವಮ್ಮ ನಿಂತಿದ್ದಳು. ಗಂಡನ ಎರಡೂ ಕೈ ನೋಡಿದಳು, ಕಂಕುಳು ನೋಡಿದಳು.

"ಡಬ್ಬಿ ಎಲ್ಲಿ?"

ದೇವರಾಜ ಜೇಬಿಗೆ ಕೈ ಹಾಕಿದ. ಹದಿನೇಳನೇ ನಂಬರಿನ ಬಿಲ್ಲೆ ಕೈಗೆ ಬಂತು. ಸಂತೋಷದಲ್ಲಿ ಇಬ್ಬರೂ ಡಬ್ಬಿಯನ್ನು ಮರೆತೇ ಬಂದಿದ್ದರು.

ಹೂವಮ್ಮ ಬೈಯಲು ಶುರು ಮಾಡಿದಳು. ಕೌದಿ ಕೊಟ್ಟು ಡಬ್ಬಿ ತಂದಿರಿ, ಡಬ್ಬಿ ಕೊಟ್ಟು ಬಿಲ್ಲೆ ತಂದಿರಿ, ನಾಳೆ ಬಿಲ್ಲೆ ಕೊಟ್ಟು ಏನು ತರ್ತೀರಿ ಎಂದಳು. ಮೂರು ತಿಂಗಳ ಬಾಕಿಯನ್ನೆಲ್ಲ ಒಂದೇ ಉಸಿರಿನಲ್ಲಿ ತೀರಿಸಿದಳು. ರಾಜೇಶ್ವರಮ್ಮ ಕಾಂಪೌಂಡಿನಾಚೆ ಕೆಲಸ ಬಿಟ್ಟು ಕೇಳಿದರು. ದೇವರಾಜ ಜಗಲಿಯ ಮೇಲೆ ಕೂತು, ತಂಪು ಗಾಳಿಗೆ ಮುಖವೊಡ್ಡಿದವನ ಹಾಗೆ, ಎಲ್ಲವನ್ನೂ ಮೈಮೇಲೆ ಹಾಯಿಸಿಕೊಂಡ. ಬೆಕ್ಕು ಕೆಲಸ ಹೋದದ್ದು ಗೊತ್ತಾಗಿ ಎದ್ದು ಹೊರನಡೆಯಿತು.

ಬೈಗುಳ ಮುಗಿದ ಮೇಲೆ ಹೂವಮ್ಮ ಒಳಗಿಂದ ಕತ್ತರಿ ತಂದಳು.

"ಅಂಗಿ ಬಿಚ್ರಿ."

"ಇದು ವಾಣಿ ಮದುವೇಲಿ ತಗಂಡಿದ್ದಲ್ಲೇ! ಒಳ್ಳೇ ಅಂಗಿ!"

"ಅದ್ಕೇ. ಇದನ್ನ ಹಾಕ್ಕಂಡೇ ಅಲ್ವಾ ಅಲ್ಲಿ ನಿಂತು ಅಷ್ಟೂ ಹೇಳಿದ್ದು?"

ದೇವರಾಜ ಗುಂಡಿ ಬಿಚ್ಚಿದ. ಹೂವಮ್ಮ ಎದೆಯ ಜಾಗ ನೋಡಿ ಅಂಗೈಯಗಲದ ಒಂದು ಚೌಕ ಕತ್ತರಿಸಿ, ಮಡಿಲಲ್ಲಿಟ್ಟು ನೀವಿದಳು. ಆಮೇಲೆ ಬಿಲ್ಲೆಯನ್ನು ಅವನ ಕೈಯಿಂದ ತೆಗೆದುಕೊಂಡು ಸೆರಗಿನ ತುದಿಗೆ ಗಂಟು ಹಾಕಿದಳು.

"ಬಾಣಂತನ ಮುಗೀಲಿ," ಎಂದಳು. "ಡಬ್ಬೀನ ನಾನೇ ಹೋಗಿ ಇಸ್ಕಂಡು ಬರ್ತೀನಿ. ನೀವು ಜೊತೆಗೆ ಬರ್ರಿ, ದಾರಿ ತೋರ್ಸೋಕೆ. ಬೆಕ್ಕಿಗೆ ಹೇಳಿಡ್ರಿ, ಎರಡು ದಿನ ಮನೆ ನೋಡ್ಕ ಅಂತ."